ಟಿವಿಯ ಮುಂದೆ ಮೊಣಕಾಲೂರಿ

2020ರ ಏಪ್ರಿಲ್ 12, ಈಸ್ಟರ್. ಕೊರೊನಾ ಲಾಕ್‌ಡೌನ್, ಇಗರ್ಜಿಗೆ ಬೀಗ. ಮಂಗಳೂರಿನ ನಮ್ಮ ಮನೆಮಂದಿಯೆಲ್ಲ ನೇರಪ್ರಸಾರದ ಪೂಜೆಗೆ ಟಿವಿ ಮುಂದೆ ಹಾಜರು. ಪೂಜೆಗೆ ತಡವಾಗಿ ಹೋಗಿ ಹಿಂಬಾಗಿಲಲ್ಲೇ ನಿಲ್ಲುವುದು ಅಪ್ಪನ ಅಭ್ಯಾಸ. ಅಂದೂ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು. ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದ ಅಮ್ಮ, ನೈಟಿಯಲ್ಲಿದ್ದ ಅಕ್ಕನನ್ನು ಗದರಿದರು: "ಪಾದ್ರಿಗಳು ನೋಡಿದರೆ ಏನಂತಾರೆ?" ಅವರಿಗೆ ನಾವು ಕಾಣುವುದಿಲ್ಲ ಮಾರಾಯ್ರೆ ಎಂದು ತಿಳಿಹೇಳುವಷ್ಟರಲ್ಲಿ ನೆಟ್ ಕೈಕೊಟ್ಟಿತು. ಪಾದ್ರಿಗಳು ಪ್ರಸಂಗದ ನಡುವೆ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಪ್ರಸಂಗ ಚಿಕ್ಕದಾಗಲಿ ಎಂದು ಅಪ್ಪ ವರ್ಷಗಟ್ಟಲೆ ಬೇಡಿಕೊಂಡದ್ದು ಕೊನೆಗೂ ಫಲಿಸಿತ್ತು.

ರಾತ್ರಿಯ ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆಗೆ ಕುವೈತಿನ ಚಿಕ್ಕಪ್ಪ ವಿಡಿಯೊ ಕರೆಯಲ್ಲಿ. ಅವರ ಸ್ವರ ಸದಾ ಒಂದು ಮಣಿ ಹಿಂದೆ. ಅಜ್ಜಿ ಅವರಿಗಾಗಿ ಕಾದು, ಅವರು ಅಜ್ಜಿಗಾಗಿ ಕಾದು, 53 'ನಮಾನ್ ಮರಿಯೆ' ಮುಗಿಯುವಾಗ ಗಂಜಿ ತಣ್ಣಗಾಗಿರುತ್ತಿತ್ತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯ ಅಕ್ಕಿ ಅರೆದು ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು. ಅಪ್ಪ ಮಾಸ್ಕ್ ತೆಗೆಯದೆ ಲೋಟ ಎತ್ತಿದರು. ಹೊಸ ಅಕ್ಕಿಯ ಮೊದಲ ರುಚಿ ಮಾಸ್ಕಿಗೆ.

ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಹಂಚಲು ಹೋದ ತಮ್ಮ, ನೆರೆಮನೆಯ ಗೇಟಿನ ಬಳಿ ತಟ್ಟೆ ಇಟ್ಟು, ಕೂಗಿ, ಓಡಿ ಬಂದ. ಹತ್ತು ನಿಮಿಷಕ್ಕೆ ನಮ್ಮ ಗೇಟಿನ ಬಳಿಯೂ ಒಂದು ತಟ್ಟೆ. ಅದರಲ್ಲಿದ್ದ ನೆವ್ರಿಗಳ ಅಂಚಿನ ಮಡಿಕೆಯನ್ನು ಅಮ್ಮ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. ತಮ್ಮದೇ ಕೈಕೆಲಸ ಎಂಬ ಗುಮಾನಿ ಅವರಿಗೆ ಈಗಲೂ ಇದೆ.