ದಟ್ಟಗಳ್ಳಿಯ ಕಾಲಮೀಮಾಂಸೆ, ಅರ್ಥಾತ್ ಲೀನ್ ಎಂಜಿನಿಯರನ ಪ್ರಾತರ್ವಿಧಿಗಳು

ಈಗ ‘ಲೀನ್’ ಎಂದು ಕರೆಯುವ ಟೊಯೋಟಾ ಉತ್ಪಾದನಾ ಪದ್ಧತಿಯ ಮೂಲಪುರುಷ ತೈಚಿ ಓನೊ ಹುಟ್ಟಿದ್ದು 1912ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನೇ ನೋಡಿ ಹುಟ್ಟಿ, ನಾಲ್ಕರಲ್ಲಿ ಮೂರು ಹುಟ್ಟುಹಬ್ಬಗಳ ಖರ್ಚನ್ನು ತೊಟ್ಟಿಲಲ್ಲೇ ಉಳಿಸಿದ ಈ ಮಹನೀಯರ ದೂರದೃಷ್ಟಿಯನ್ನು ಪಾಶ್ಚಾತ್ಯ ವಿದ್ವಾಂಸರು ಗಮನಿಸದೆ ಹೋದದ್ದು ಶೋಚನೀಯ. ಅದೇ ವರ್ಷದ ನವೆಂಬರಿನಲ್ಲಿ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ, ಕೂಲಿಗಳ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತ ಫ್ರೆಡರಿಕ್ ಟೇಲರ್ ವೈಜ್ಞಾನಿಕ ನಿರ್ವಹಣೆಯ ಗ್ರಂಥವನ್ನು ಅಚ್ಚು ಹಾಕಿಸಿದ್ದರು. ಈ ಮೂರಕ್ಕೂ ಪರಸ್ಪರ ಸಂಬಂಧವಿಲ್ಲವೆಂದು ಕೆಲವರ ಮತ. ಸಂಬಂಧವಿಲ್ಲದ್ದಕ್ಕೆ ಸಂಬಂಧ ಕಟ್ಟದಿದ್ದರೆ ಸಂಶೋಧನೆ ಮುಂದೆ ಸಾಗುವುದು ಹೇಗೆ? ಇದೆ ಎಂದೇ ಇಟ್ಟುಕೊಂಡು ಹೊರಡೋಣ.

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಮೈಸೂರಿನ ದಟ್ಟಗಳ್ಳಿ. ಹೆಬ್ಬಾಳು, ಹೂಟಗಳ್ಳಿ, ಬೆಳವಾಡಿ ಕಡೆಯ ಕಾರ್ಖಾನೆಗಳಿಗೆ ರಿಂಗ್ ರೋಡ್ ಹಿಡಿದು ಹೋಗುವ ಎಂಜಿನಿಯರುಗಳು ಇಲ್ಲಿ ಸಾಲ ಮಾಡಿ ಮನೆ ಕಟ್ಟಿದ್ದಾರೆ ಎಂಬುದು ಒಂದು ಕಾರಣ. ಸಂಶೋಧಕನ ಮನೆಯೂ ಇಲ್ಲೇ ಇದೆ ಎಂಬುದು ಇನ್ನೊಂದು. ಓನೊ ಪಟ್ಟಿ ಮಾಡಿದ ಏಳು ಬಗೆಯ ಪೋಲುಗಳಲ್ಲಿ ಸಾಗಾಟವೂ ಒಂದಾದ್ದರಿಂದ ಈ ಆಯ್ಕೆ ಶಾಸ್ತ್ರಸಮ್ಮತ. ಉಳಿದ ಆರು: ಬೇಡದಷ್ಟು ತಯಾರಿಸುವುದು, ಕಾಯುವುದು, ಅಗತ್ಯಕ್ಕಿಂತ ಹೆಚ್ಚು ತಿದ್ದುವುದು, ದಾಸ್ತಾನು, ಸುಮ್ಮನೆ ಓಡಾಡುವುದು, ಕೆಟ್ಟ ಮಾಲು. ಇವೆಲ್ಲಕ್ಕೂ ಸೇರಿ ಜಪಾನಿಯರು ಇಟ್ಟ ಹೆಸರು ‘ಮುಡಾ’. ಹಗಲೆಲ್ಲ ಮುಡಾ ನಿರ್ಮೂಲನದ ಪ್ರತಿಜ್ಞೆ ಮಾಡಿ ಬಂದವನು ರಾತ್ರಿ, ಹಿಂದೆ ಅದೇ ಹೆಸರಿದ್ದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಕೊಟ್ಟ ನಿವೇಶನದಲ್ಲಿ ನೆಮ್ಮದಿಯಾಗಿ ಮಲಗುತ್ತಾನೆ. ಇದು ಶುದ್ಧ ಆಕಸ್ಮಿಕ. ಇದರ ಮೇಲೆ ಯಾರೂ ಪಿಎಚ್‌ಡಿಗೆ ನೋಂದಾಯಿಸಬಾರದಾಗಿ ವಿನಂತಿ.

ಲಿಖಿತ ಆಕರಗಳಲ್ಲಿ ಮುಖ್ಯವಾದದ್ದು ಮೂರನೇ ಹಂತದ ಒಬ್ಬ ಲೀನ್ ಎಂಜಿನಿಯರನ ಮನೆಯ ಫ್ರಿಜ್ಜಿನ ಬಾಗಿಲ ಶಾಸನ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕಕ್ಕಾಗಿ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಮಾಡಿದರೂ ಇದು ಅವರ ಕಣ್ಣಿಗೆ ಬಿದ್ದಂತಿಲ್ಲ. ಪಾಠ ಹೀಗಿದೆ:

ಸಾಲು 1: ಹಾಲು 2, ಮೊಸರು 1
ಸಾಲು 2: ಉದ್ದಿನಬೇಳೆ ಮುಗಿ... (ಮುಂದೆ ಎಣ್ಣೆ ಸಿಡಿದು ತ್ರುಟಿತ)
ಸಾಲು 3: ಗ್ಯಾಸ್ ಬುಕ್ ಮಾಡಿ ಮಾಡಿ ಮಾಡಿ
ಸಾಲು 4: ಇವತ್ತಾದರೂ

ಮೂರನೇ ಸಾಲಿನ ‘ಮಾಡಿ’ಗಳು ಮೂರು ಬೇರೆ ಬೇರೆ ಶಾಯಿಯಲ್ಲಿವೆ, ಮೂರು ಕಾಲಘಟ್ಟಗಳಲ್ಲಿ ಕೊರೆದದ್ದೆಂದು ಊಹಿಸಬಹುದು. ಶಾಸನದ ಕೊನೆಗೆ ಬರಬೇಕಾದ ಶಾಪಾಶಯ ಬಾಯಿಮಾತಿನ ಪರಂಪರೆಯಲ್ಲಿ ಮಾತ್ರ ಉಳಿದಿದ್ದು, ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಕೊಟ್ಟಿಲ್ಲ. ಕಾರ್ಖಾನೆಯಲ್ಲಿ ಇಂಥ ಚೀಟಿಗೆ ‘ಕಾನ್‌ಬಾನ್’ ಎನ್ನುತ್ತಾರೆ. ಮುಂದಿನವರು ಮಾಲು ಖಾಲಿ ಮಾಡಿದಾಗ ಚೀಟಿ ಹಿಂದಕ್ಕೆ ಹೋಗಬೇಕು, ಚೀಟಿ ಬಂದ ಮೇಲಷ್ಟೇ ಹಿಂದಿನವರು ಹೊಸದು ತಯಾರಿಸಬೇಕು. ಓನೊ ಅವರಿಗೆ ಇದು ಹೊಳೆದದ್ದು ಅಮೆರಿಕದ ಸೂಪರ್ ಮಾರ್ಕೆಟ್ಟಿನ ಕಪಾಟುಗಳಿಂದ. ನಮ್ಮ ಎಂಜಿನಿಯರ್ ಕಾರ್ಖಾನೆಯ ಚೀಟಿ ಕಂಡರೆ ಕೂತಲ್ಲಿಂದ ಎದ್ದು ಓಡುತ್ತಾನೆ. ಮನೆಯ ಚೀಟಿಯ ಲಿಪಿ ಮಾತ್ರ ಅವನಿಗೆ ಹರಪ್ಪಾದ್ದು.

ಬೆಳಗಿನ ಉತ್ಪಾದನೆಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಲೋಕಿಸಲಾಯಿತು. ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡು ಎಂಬುದು ಜಪಾನಿ ವಿಧಿ. “ಬಾಗಿಲಿಗೆ ಅಡ್ಡ ನಿಲ್ಲಬೇಡಿ” ಎಂಬುದು ದಟ್ಟಗಳ್ಳಿಯ ನಿಷೇಧ. ಕಂಪನಿ ಬಸ್ಸು 6.40ಕ್ಕೆ. ದೋಸೆಗೆ ಉಳಿಯುವುದು 20 ನಿಮಿಷ, ಬೇಕಾದ ದೋಸೆ 10. ಇರುವ ಸಮಯವನ್ನು ಬೇಡಿಕೆಯಿಂದ ಭಾಗಿಸಿದರೆ ದೋಸೆಗೆ 2 ನಿಮಿಷ. ಇದೇ ‘ಟಾಕ್ಟ್ ಟೈಮ್’. ಒಂದು ಕಾವಲಿಯಲ್ಲಿ ಒಂದು ದೋಸೆ ಏಳಲು 3 ನಿಮಿಷ ಬೇಕು, ಹಾಗಾಗಿ ಎರಡು ಕಾವಲಿ ಅನಿವಾರ್ಯ. ಈ ತೀರ್ಮಾನಕ್ಕೆ ಬರಲು ಎಂಜಿನಿಯರ್ ಎಕ್ಸೆಲ್ ತೆರೆದ. ಅವನು ಕಾಲಂಗಳಿಗೆ ಹಳದಿ ಹಸಿರು ಬಣ್ಣ ತುಂಬುವಷ್ಟರಲ್ಲಿ ಹೆಂಡತಿ ಎರಡನೇ ಕಾವಲಿ ಇಟ್ಟು ಏಳನೇ ದೋಸೆ ಎತ್ತಿಯಾಗಿತ್ತು.

ಲೈನಿನಲ್ಲಿ ತೊಂದರೆಯಾದರೆ ಎಲ್ಲರಿಗೂ ಕಾಣುವಂತೆ ದೀಪ ಹತ್ತಬೇಕೆಂದು ಟೊಯೋಟಾದವರು ‘ಆಂಡಾನ್’ ಇಟ್ಟರು. ಇಲ್ಲಿ ಆ ಕೆಲಸ ಕುಕ್ಕರಿನದು. ಮೂವತ್ತು-ನಲವತ್ತರ ಸೈಟುಗಳಲ್ಲಿ ಪಕ್ಕದ ಮನೆಯ ವಿಷಲ್ಲನ್ನೂ ನಮ್ಮ ಲೆಕ್ಕಕ್ಕೇ ಸೇರಿಸಿಬಿಟ್ಟು ಬೇಳೆ ಅರೆಬೆಂದ ಪ್ರಸಂಗಗಳುಂಟು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಸಾರಿದ ‘ಪೋಕಾ ಯೋಕೆ’, ಅಂದರೆ ತಪ್ಪು ಮಾಡಲು ಆಸ್ಪದವನ್ನೇ ಕೊಡದ ಏರ್ಪಾಡು, ಹೊಸಿಲ ಬಳಿ ಕಂಡುಬಂತು.

“ಏನೇ, ಡಬ್ಬಿ ಆಯ್ತಾ?”

“ಆವಾಗ್ಲೇ ಆಯ್ತು ಕಣ್ರೀ. ನಿಮ್ಮ ಐಡಿ ಕಾರ್ಡಿನ ಕೆಳಗೇ ಇದೆ ನೋಡಿ.”

ಕಾರ್ಡಿಲ್ಲದೆ ಗೇಟು ತೆರೆಯದು, ಡಬ್ಬಿ ಎತ್ತದೆ ಕಾರ್ಡು ಸಿಗದು. ಈ ಸಂಶೋಧನೆಗೆ ಯಾವ ಕಂಪನಿಯ ಸಲಹಾಪೆಟ್ಟಿಗೆಯಿಂದಲೂ ಬಹುಮಾನ ಬಂದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ. ಸಂಪು, ಮೇಲಿನ ಟ್ಯಾಂಕು, ಬಚ್ಚಲ ಡ್ರಮ್ಮು, ಅದರ ಪಕ್ಕ ನಾಲ್ಕು ಬಿಂದಿಗೆ, ಇದೆಲ್ಲ ದಾಸ್ತಾನಲ್ಲವೇ? ಬೇಕಾದಾಗ ಬೇಕಾದಷ್ಟೇ ಎಂಬ ಲೀನ್ ಧರ್ಮಕ್ಕೆ ಅಪಚಾರವಲ್ಲವೇ? ಸಿದ್ಧಾಂತ: ನಲ್ಲಿಯಲ್ಲಿ ನೀರು ಹೊತ್ತು ಗೊತ್ತು ನೋಡಿ ಬರುವ ಊರಲ್ಲಿ ಬಾಳಿದವರು ಈ ಪ್ರಶ್ನೆ ಕೇಳುವುದಿಲ್ಲ. ಸ್ವತಃ ಟೊಯೋಟಾ ಕೂಡ 2011ರ ಭೂಕಂಪ, ಸುನಾಮಿಗಳಲ್ಲಿ ಬಿಡಿಭಾಗ ಸಿಗದೆ ಒದ್ದಾಡಿ, ಆಮೇಲೆ ತಿಂಗಳುಗಟ್ಟಲೆಗೆ ಆಗುವಷ್ಟು ಚಿಪ್‌ಗಳನ್ನು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಚಿಪ್ ಬರದಲ್ಲಿ ಬೇರೆ ಕಂಪನಿಗಳ ಲೈನುಗಳು ನಿಂತ ಮೇಲೂ ಕೆಲವು ತಿಂಗಳು ಅದರ ಲೈನು ಓಡಿತು. ಅಂದರೆ ಟೊಯೋಟಾ ಸಂಪು ಕಟ್ಟಿಸಿತು. ನಾವು ಅದಕ್ಕೆ ಮೊದಲೇ ಕಟ್ಟಿಸಿದ್ದೆವು.

ಇನ್ನು ಬಸ್ಸು. ಬೋಗಾದಿ, ಹಿನಕಲ್ ದಾಟಿ ಹೋಗುವ ಈ ವಾಹನವನ್ನು ನಮ್ಮ ಎಂಜಿನಿಯರ್ ತಪ್ಪಿಸಿಕೊಂಡ ದಾಖಲೆಯಿಲ್ಲ. ಆದರೆ ಅದೇ ವ್ಯಕ್ತಿ 9.30ರ ರಿವ್ಯೂ ಮೀಟಿಂಗಿಗೆ 9.50ಕ್ಕೆ ಬಂದು “ಶುರುವಾಯ್ತಾ?” ಎನ್ನುತ್ತಾನೆ. ಸಮಯಪ್ರಜ್ಞೆ ಇರುವುದು ಎಂಜಿನಿಯರನೊಳಗಲ್ಲ, ಡ್ರೈವರನ ಆಕ್ಸಿಲರೇಟರಿನಲ್ಲಿ ಎಂಬುದು ಇದರಿಂದ ಸಿದ್ಧ. ಬಸ್ಸು ಕಾಯುವುದಿಲ್ಲ, ಮೀಟಿಂಗ್ ಕಾಯುತ್ತದೆ.

ಮೀಟಿಂಗಿನ ವಿಧಾನ ‘ಐದು ಸಲ ಏಕೆ’. ಓನೊ ಕೊಟ್ಟ ಉದಾಹರಣೆ ಪ್ರಸಿದ್ಧ: ಯಂತ್ರ ನಿಂತದ್ದೇಕೆ, ಫ್ಯೂಸು ಹೋಯಿತು, ಏಕೆ, ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಬಿತ್ತು, ಹೀಗೆ ಕೇಳುತ್ತಾ ಹೋದರೆ ಕೊನೆಗೆ ಪಂಪಿಗೆ ಜಾಲರಿ ಇಲ್ಲದೆ ಲೋಹದ ಚೂರು ಒಳಹೊಕ್ಕದ್ದು ಗೊತ್ತಾಗುತ್ತದೆ. ಜಾಲರಿ ಹಾಕಿ, ಮುಗಿಯಿತು. ನಾವು ದಾಖಲಿಸಿಕೊಂಡ ಸಭೆಯಲ್ಲಿ ಹೀಗಾಯಿತು: ಕೆಲಸ ತಡವಾದದ್ದೇಕೆ? ರಿಪೋರ್ಟ್ ಬರೆಯುತ್ತಿದ್ದೆವು. ರಿಪೋರ್ಟ್ ಏಕೆ? ಮೀಟಿಂಗಿಗೆ ಬೇಕು. ಮೀಟಿಂಗ್ ಏಕೆ? ಕೆಲಸ ತಡವಾಗಿದೆಯಲ್ಲ! ಮೂರಕ್ಕೇ ಪ್ರದಕ್ಷಿಣೆ ಪೂರ್ತಿಯಾದ್ದರಿಂದ ಎರಡು ‘ಏಕೆ’ಗಳು ಉಳಿತಾಯವಾದವು. ಇದನ್ನು ಆ ತಿಂಗಳ ಕೈಜೆನ್, ಅಂದರೆ ಸುಧಾರಣೆ, ಎಂದು ಬರೆದುಕೊಂಡರು.

ಅಚ್ಚುಕಟ್ಟಿನ ಐದು ‘ಎಸ್’ಗಳ ವಿಚಾರವನ್ನು, ಪಕ್ಕದ ಕುವೆಂಪುನಗರದಲ್ಲಿ ಪಂಚಮಂತ್ರ ರಸ್ತೆಯೇ ಇರುವಾಗ, ಬೆಳೆಸುವುದು ಉಚಿತವಲ್ಲ. ಬೇಡದ್ದನ್ನು ಬಿಸಾಡು, ಉಳಿದದ್ದನ್ನು ಜೋಡಿಸು, ಗುಡಿಸು, ಅದನ್ನೇ ರೂಢಿ ಮಾಡು, ರೂಢಿ ಬಿಡಬೇಡ. ಆಡಿಟ್ ಬರುವ ಹಿಂದಿನ ರಾತ್ರಿ ಇದು ಬೀರುವಿನ ಹಿಂದಕ್ಕೆ ತಳ್ಳುವ ಕಲೆಯಾಗುತ್ತದೆ. ಆದರೆ ಆಯುಧಪೂಜೆಯ ಹಿಂದಿನ ದಿನ ಯಾರೂ ಹೇಳದೆ ಲೇತಿನ ಎಣ್ಣೆಕಲೆ ಹೋಗುತ್ತದೆ, ಸ್ಪ್ಯಾನರುಗಳು ಸೈಜಿನ ಪ್ರಕಾರ ಸಾಲುಗೂಡುತ್ತವೆ, ಮರುದಿನ ಯಂತ್ರಕ್ಕೆ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ. ಜಪಾನಿನಿಂದ ಆಡಿಟರುಗಳನ್ನು ಕರೆಸುವುದಾದರೆ ನವಮಿಯಂದೇ ಕರೆಸುವುದು ಲೇಸು.

ಈಗ ಫಲಿತ. ಲೈನಿನಲ್ಲಿ ನಿಂತ ಐಟಿಐ ಹುಡುಗ ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು ತೆಗೆದುಕೊಂಡ ಎಂಬುದಕ್ಕೆ ಕಾಗದ ಪತ್ರವಿದೆ. ಅವನು ನೀರು ಕುಡಿಯಲು ಹೋದ ಹೆಜ್ಜೆಗಳಿಗೂ ನಕ್ಷೆಯಿದೆ. ಆ ನಕ್ಷೆಯನ್ನು ಸ್ಲೈಡಿಗೆ ಏರಿಸಿ, ಬಾಣಗಳ ಬಣ್ಣ ಬದಲಿಸಿ, ಮ್ಯಾನೇಜರರಿಗೆ ಹಿಡಿಸದೆ ಮತ್ತೆ ಬದಲಿಸಿದ ಮಧ್ಯಾಹ್ನಗಳಿಗೆ ಯಾವ ಸ್ಟಾಪ್‌ವಾಚೂ ಇಲ್ಲ. ಹುಡುಗ ಉಳಿಸಿಕೊಟ್ಟ ಸೆಕೆಂಡುಗಳು ಅವನಿಗೇ ಇನ್ನೊಂದು ಯಂತ್ರದ ಉಸ್ತುವಾರಿಯಾಗಿ ಮರಳುತ್ತವೆ. ಎಂಜಿನಿಯರನಿಗೆ ಪ್ರಮಾಣಪತ್ರ, ಕಂಪನಿಗೆ ಫೋಟೊ. ಮನೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಹತ್ತು ದೋಸೆ ಎತ್ತಿದಾಕೆಗೆ ಬೆಲ್ಟು ಕೊಟ್ಟವರಿಲ್ಲ. ಅವನ ಸಿಕ್ಸ್ ಸಿಗ್ಮಾ ಹಸಿರು ಬೆಲ್ಟಿನ ಫ್ರೇಮಿಗೆ ಮೊಳೆ ಹೊಡೆದದ್ದು ಆಕೆಯೇ. ಪೋಲು ಹುಡುಕುವವರ ಪೋಲನ್ನು ಓನೊ ಪಟ್ಟಿಯಲ್ಲಿ ಸೇರಿಸಲಿಲ್ಲ. ಅವರು ನಮ್ಮ ರಿವ್ಯೂ ಮೀಟಿಂಗುಗಳಲ್ಲಿ ಕೂತವರಲ್ಲ, ದೋಷ ಅವರದಲ್ಲ.

ಶಿಫಾರಸು ಒಂದೇ. ರಿವ್ಯೂ ಮೀಟಿಂಗನ್ನು ಕಂಪನಿ ಬಸ್ಸಿನಲ್ಲೇ ನಡೆಸತಕ್ಕದ್ದು. ಬೋಗಾದಿಯಲ್ಲಿ ಶುರುವಾಗಿ ಹಿನಕಲ್ ಬರುವಷ್ಟರಲ್ಲಿ ಮುಗಿಯತಕ್ಕದ್ದು. ಅಧ್ಯಕ್ಷತೆ ಡ್ರೈವರನದು. ಈ ಸಿದ್ಧಾಂತದಲ್ಲಿ ಭಿನ್ನಮತವುಳ್ಳ ವಿದ್ವಾಂಸರು ಯಾವ ಭಾನುವಾರ ಬೇಕಾದರೂ ಮನೆಗೆ ಬರಬಹುದು. ನೀರು ಬಿಡುವ ಹೊತ್ತೊಂದನ್ನು ಬಿಟ್ಟು ಬನ್ನಿ, ದಯವಿಟ್ಟು ಮೊದಲೇ ಮೀಟಿಂಗ್ ಇನ್ವೈಟ್ ಕಳಿಸಬೇಡಿ.