ನಲ್ಲರ್ಬೋರ್‌ನ ಏಕಾಂಗಿ ವೀರ

ಆಸ್ಟ್ರೇಲಿಯಾದ ನಲ್ಲರ್ಬೋರ್ ಬಯಲು ದಾಟುವ ಐರ್ ಹೆದ್ದಾರಿಯ ಯಾವ ರೋಡ್‌ಹೌಸಿಗೆ ಹೋದರೂ ಪೆಟ್ರೋಲ್ ಪಂಪಿನ ಬಳಿ ಈತ ಸಿಕ್ಕೇ ಸಿಗುತ್ತಾನೆ. ವಯಸ್ಸು ಐವತ್ತೈದರ ಆಚೀಚೆ. ಮಕ್ಕಳು ಬೇರೆ ಮನೆ ಮಾಡಿದ್ದಾರೆ, ಮನೆ ಸಾಲ ತೀರಿದೆ, ಮಂಡಿ ಇನ್ನೂ ಪೂರ್ತಿ ಕೈಕೊಟ್ಟಿಲ್ಲ. ಊರು ಮೆಲ್ಬರ್ನ್, ಕಸುಬು ಹಲ್ಲು ಕೀಳುವುದೋ ತೆರಿಗೆ ಲೆಕ್ಕ ಬರೆಯುವುದೋ ಇರಬೇಕು. ಈಗ ಒಬ್ಬನೇ ಬೈಕೇರಿ ಪರ್ತ್‌ಗೆ ಹೊರಟಿದ್ದಾನೆ. ಏಕಾಂತ ಬೇಕಂತೆ.

ಏಕಾಂತ ಬೇಕಾದವನು ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು ಮಾಡುತ್ತಾನೆ. ಮೊದಲೆರಡು ವಾಕ್ಯ ಯಾರಿಗೂ ಕೇಳಿಸದಿದ್ದರೆ ಹೆಲ್ಮೆಟ್ ಕಳಚಿ ಮತ್ತೆ ಮೊದಲಿಂದ ಹೇಳುತ್ತಾನೆ. ಪಕ್ಕದಲ್ಲಿ ಕಾರವಾನ್ ಎಳೆದುಕೊಂಡು ದೇಶ ಸುತ್ತುವ ನಿವೃತ್ತ ದಂಪತಿ ಇದ್ದೇ ಇರುತ್ತಾರೆ. ಅಲ್ಲಿನವರ ಬಾಯಲ್ಲಿ ಇವರು ‘ಗ್ರೇ ನೋಮ್ಯಾಡ್’ಗಳು. “ಬ್ಯಾಲಡೋನಿಯಾ, ಕೈಗುನಾ ನಡುವೆ 146.6 ಕಿಲೋಮೀಟರ್, ಒಂದೇ ಒಂದು ತಿರುವಿಲ್ಲ!” ಎನ್ನುತ್ತಾನೆ, ತಾನೇ ದಾರ ಹಿಡಿದು ರಸ್ತೆ ಎಳೆದವನ ಹಾಗೆ. ಅಜ್ಜಿ ಹೆಣಿಗೆಯಿಂದ ತಲೆ ಎತ್ತುವುದಿಲ್ಲ. “ಹೌದಪ್ಪಾ, ಹೋದ ವರ್ಷವೂ ನೇರವಾಗೇ ಇತ್ತು.”

ಆ ತಿರುವಿಲ್ಲದ ರಸ್ತೆಗೆ ಈತನ ಹ್ಯಾಂಡಲ್ ಮೇಲೆ ಎರಡು ಜಿಪಿಎಸ್. ಒಂದು ಕೆಟ್ಟರೆ? ಟೈರು ಕೆಸರು, ಮರಳಿಗೆಂದೇ ಮಾಡಿದ ದಪ್ಪ ಹಲ್ಲಿನದು. ಹೆದ್ದಾರಿಗೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲೇ. ಸೆಡೂನಾದಿಂದ ನಾರ್ಸ್‌ಮನ್‌ವರೆಗಿನ ಸುಮಾರು 1,200 ಕಿ.ಮೀ. ದಾರಿಯಲ್ಲಿ ಪೆಟ್ರೋಲಿಗೆಂದು ಎಲ್ಲೂ 200 ಕಿ.ಮೀ. ಕಾಯಬೇಕಿಲ್ಲ. ಈತನ ಟ್ಯಾಂಕು ನಾನೂರು ಓಡುತ್ತದೆ. ಆದರೂ ಹಿಂದೆ ಹತ್ತು ಲೀಟರಿನ ಕ್ಯಾನು ಕಟ್ಟಿದೆ.

ಅಪಾಯವೇ ಇಲ್ಲವೆಂದಲ್ಲ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗಿಳಿಯುತ್ತವೆ. ಎದುರಿನಿಂದ ಸಾಲು ಟ್ರೇಲರ್ ಎಳೆಯುವ ಲಾರಿ, ಅಂದರೆ ರೋಡ್ ಟ್ರೇನ್, ನುಗ್ಗಿದರೆ ಗಾಳಿಯ ಹೊಡೆತಕ್ಕೆ ಬೈಕು ಓಲಾಡುತ್ತದೆ. ಅದಕ್ಕೇ ಈತ ನಾಲ್ಕು ಗಂಟೆಗೆಲ್ಲ ಮೋಟೆಲ್ ಸೇರಿ ಸ್ನಾನ ಮುಗಿಸಿರುತ್ತಾನೆ. ಜಾಣತನದ ಕೆಲಸವೇ, ಹೇಳಿಕೊಳ್ಳಲು ಮಾತ್ರ ಬರುವುದಿಲ್ಲ. ಆ ಕೊರತೆ ತುಂಬಲು ಒಂದು ಕಾಂಗರೂ ಬೇಕಾಯಿತು. ನಲ್ಲರ್ಬೋರ್ ರೋಡ್‌ಹೌಸಿನಲ್ಲಿ ಹೇಳುವಾಗ ಅದು ನೂರು ಮೀಟರ್ ದೂರದಲ್ಲಿ ತನ್ನಷ್ಟಕ್ಕೆ ಮೇಯುತ್ತಿತ್ತು. ಯೂಕ್ಲಾದಲ್ಲಿ ಇಪ್ಪತ್ತು ಮೀಟರಿಗೆ ಬಂತು. ಮಡುರಾದಲ್ಲಿ ಸೈಡ್ ಮಿರರ್‌ಗೆ ಬಾಲ ತಾಗಿಸಿತು. ನಾರ್ಸ್‌ಮನ್ ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನಲ್ಲೇ ಕೂತಿರುತ್ತದೋ ಏನೋ.

ಸರಾಸರಿ ವೇಗದ ಲೆಕ್ಕವೂ ಇದೇ ಜಾತಿಯದು. ಯೂಕ್ಲಾ ಸುತ್ತಿನ ಬೆರಳೆಣಿಕೆಯ ಊರುಗಳು ತಮ್ಮದೇ ಸಮಯ ಇಟ್ಟುಕೊಂಡಿವೆ: ಪರ್ತ್‌ಗಿಂತ 45 ನಿಮಿಷ ಮುಂದೆ. ಸರ್ಕಾರದ ಮುದ್ರೆ ಇಲ್ಲದಿದ್ದರೂ ಅಲ್ಲಿ ಎಲ್ಲರೂ ಅದನ್ನೇ ಪಾಲಿಸುತ್ತಾರೆ. ಪಶ್ಚಿಮಕ್ಕೆ ಹೋಗುವವರು ಗಡಿಯಾರ ಹಿಂದಕ್ಕೆ ತಿರುಗಿಸಬೇಕು. ಈತ ತಿರುಗಿಸಿ, ಉಳಿದ ಮುಕ್ಕಾಲು ಗಂಟೆಯನ್ನು ಬೈಕಿನ ಖಾತೆಗೆ ಜಮಾ ಮಾಡುತ್ತಾನೆ. ತೆರಿಗೆ ಲೆಕ್ಕದವನೇ, ಅನುಮಾನ ಬೇಡ.

ಈತನ ಪರಮಸುಖ ನೋಡಬೇಕೆಂದರೆ ಪಶ್ಚಿಮ ಆಸ್ಟ್ರೇಲಿಯಾದ ಗಡಿಯ ತಪಾಸಣೆಗೆ ಬರಬೇಕು. ಹೊರಗಿನ ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ. ಬೆಳೆಗೆ ಕೀಟ, ರೋಗ ಅಂಟೀತೆಂಬ ಭಯ. ಬೇರೆಯವರು ಸೇಬು ಒಪ್ಪಿಸಿ ಗೊಣಗುತ್ತಾ ಹೋಗುತ್ತಾರೆ. ಈತನ ಮುಖ ಅರಳುತ್ತದೆ. “ಪೆಟ್ಟಿಗೆ ತೆರೆಯಿರಿ” ಎಂದು ಅಷ್ಟು ದೂರದಲ್ಲಿ ಯಾರೂ ಕೇಳಿರಲಿಲ್ಲ. ಈಗ ಸರ್ಕಾರವೇ ಕೇಳಿದೆ. ನೀರಿನ ಫಿಲ್ಟರ್ ಹೊರಬಂತು, ಅದು ಕೆಲಸ ಮಾಡುವ ಬಗೆಯ ವಿವರಣೆ ಬಂತು. ಸ್ಯಾಟಲೈಟ್ ಫೋನ್, ಪಂಕ್ಚರ್ ಕಿಟ್, ಮರವೇ ಇಲ್ಲದ ಬಯಲಿಗೆಂದು ತಂದ ಮಡಚುವ ಗರಗಸ. ಹಿಂದೆ ರೋಡ್ ಟ್ರೇನಿನ ಚಾಲಕ ಇಂಜಿನ್ ಆರಿಸಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡ.

“ಹಣ್ಣು ತರಕಾರಿ ಇದೆಯಾ ಇಲ್ಲವಾ, ಅಷ್ಟು ಹೇಳಿ ಸಾಕು,” ಎಂದರು ಅಧಿಕಾರಿ.

“ಏನೂ ಇಲ್ಲ. ಆದರೆ ಸಾರ್, ಎಡಗಡೆ ಪೆಟ್ಟಿಗೆ ನೀವಿನ್ನೂ ನೋಡೇ ಇಲ್ಲವಲ್ಲ!”