ಇಳಿಜಾರಿನಲ್ಲಿ ಅನಂತ

ಹೋಂಸ್ಟೇ ತೆರೆದವರಿಗೆ ಬರುವ ಮೊದಲ ಫೋನೇ "ಪೂಲ್ ಇದೆಯಾ?" ಎಂದು. ಮಡಿಕೇರಿ ಕಡೆ ಮಳೆಗಾಲದಲ್ಲಿ ಅಂಗಳದಲ್ಲೇ ಈಜಬಹುದು. ಆದರೂ ಪೇಟೆಯವರಿಗೆ ನೀಲಿ ಟೈಲ್ಸ್ ಮೇಲೆ ನಿಂತದ್ದು ಮಾತ್ರ ನೀರು. ಕಟ್ಟುವುದಾದರೆ ಇನ್ಫಿನಿಟಿ ಪೂಲೇ ಆಗಲಿ ಎಂದು ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದೆ. ಶ್ರೀಲಂಕಾದ ಕಂಡಲಮದಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಟ್ಟಿದ ಹೋಟೆಲಿನ ಕೊಳ, ಎದುರಿನ ಕೆರೆಗೇ ಸೇರಿಹೋದಂತೆ ಕಾಣುವುದಿಲ್ಲವೇ? ಅವರಿಗೆ ಕೆರೆ ಇತ್ತು. ನನಗೆ ರೊಬಸ್ಟಾ ಕಾಫಿ ಇತ್ತು.

ಮೇಸ್ತ್ರಿಗೆ ವಿವರಿಸಿದೆ: ಕಣಿವೆ ಕಡೆಯ ಗೋಡೆ ನೀರಿಗಿಂತ ತುಸುವೇ ತಗ್ಗು, ನೀರು ಅದನ್ನು ದಾಟಿ ಕೆಳಗಿನ ತೊಟ್ಟಿಗೆ ಬೀಳುತ್ತದೆ, ಪಂಪು ಮತ್ತೆ ಮೇಲೆತ್ತುತ್ತದೆ.

"ಅಂದ್ರೆ ಕೋಡಿ ಬಿದ್ದ ಕೆರೆ. ಕರೆಂಟ್ ಹೋದ್ರೆ?" ಎಂದ. ನಮ್ಮೂರಲ್ಲಿ ಕೇಳಬಾರದ ಪ್ರಶ್ನೆ.

ಇಂಥ ಕೊಳದ ಮಾಯೆಯೆಲ್ಲ ಈಜುವವನ ಕಣ್ಣಿನ ಮಟ್ಟದಲ್ಲಿದೆ. ಪರೀಕ್ಷಿಸಲು ಕಾಫಿ ಗಿಡಗಳ ನಡುವೆ ಬೋರಲು ಮಲಗಿದೆ. ಇಬ್ಬರು ಆಳುಗಳು ನೀಲಿ ಟಾರ್ಪಾಲಿನ ಅಂಚನ್ನು ಬಿಗಿಯಾಗಿ ಎಳೆದು ಎದುರಿಗೆ ಕೂತರು. ಮೇಸ್ತ್ರಿ ಲೆವೆಲ್ ಪೈಪು ಹಿಡಿದು ಎರಡೂ ತುದಿಯ ನೀರು ನೋಡಿದ. ಅಂಚು ಕೆಲವೇ ಮಿಲಿಮೀಟರ್ ವಾಲಿದರೂ ನೀರು ಒಂದು ಮೂಲೆಯಲ್ಲಿ ಸುರಿದು ಇನ್ನೊಂದು ಮೂಲೆ ಒಣಗುತ್ತದೆ. "ಕೆಳಗೆ" ಎಂದೆ. ಪಕ್ಕದ ತೋಟದವರ ತಗಡಿನ ಕೊಟ್ಟಿಗೆ ಪ್ರತ್ಯಕ್ಷವಾಯಿತು. "ಮೇಲೆ" ಎಂದೆ. ಕೊಟ್ಟಿಗೆ ಮುಳುಗಿತು, ಜೊತೆಗೆ ಬೆಟ್ಟವೂ ಮುಳುಗಿ ಮೊಬೈಲ್ ಟವರಿನ ತುದಿಯೊಂದು ಉಳಿಯಿತು. ಕತ್ತು ವಾರೆ ಮಾಡಿ ಎಡಗಣ್ಣು ಮುಚ್ಚಿದಾಗ, ಆಹಾ, ಟಾರ್ಪಾಲಿಗೂ ಬೆಟ್ಟಕ್ಕೂ ನಡುವೆ ಏನೂ ಇಲ್ಲ! 'ಅತಿಥಿಗಳು ದಯವಿಟ್ಟು ಎಡಗಣ್ಣು ಮುಚ್ಚಿ ಈಜಬೇಕು' ಎಂದು ಬೋರ್ಡು ಬರೆಸುವ ಯೋಚನೆಯಲ್ಲಿದ್ದಾಗ ಜಿಗಣೆಯೊಂದು ಅಂಗಿಯೊಳಗೆ ಹೊಟ್ಟೆ ತುಂಬಿಸಿಕೊಂಡು ಹೋಗಿತ್ತು.

ಆಮೇಲೆ ಎಂಜಿನಿಯರು ಬಂದರು. 10 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳ: 48,000 ಲೀಟರ್. ನೀರೇ 48 ಟನ್, ಕಾಂಕ್ರೀಟಿನ ಭಾರ ಬೇರೆ. ಕಡಿದ ಗುಡ್ಡದೊಳಗೆ ಇಳಿದ ಮಳೆನೀರಿಗೆ ಹೊರಬರಲು ದಾರಿ ಬಿಡದಿದ್ದರೆ ಅದು ತಡೆಗೋಡೆಯನ್ನೇ ತಳ್ಳುತ್ತದೆ ಎಂದರು. 2018ರ ಆಗಸ್ಟಿನಲ್ಲಿ ಈ ಜಿಲ್ಲೆಯ ಗುಡ್ಡಗಳು ಮನೆ, ತೋಟ, ರಸ್ತೆ ಸಮೇತ ಜಾರಿದ್ದನ್ನು ಕಂಡವರು ನಾವು. ಕಂಡ ಮೇಲೂ ಇಳಿಜಾರು ಕೆತ್ತಿ 'ವ್ಯೂ' ಮಾರುತ್ತಿದ್ದೇವೆ, ಕೊಳ್ಳುವವರೂ ಕಡಿಮೆಯಿಲ್ಲ.

"ಸಮತಟ್ಟು ಜಾಗ ಇದ್ದರೆ ಹೇಳಿ" ಎಂದರು. ಇದ್ದದ್ದು ಕಾಫಿ ಒಣಗಿಸುವ ಕಣವೊಂದೇ. ನಾನು ಟೇಪು ಹಿಡಿದು ಅಲ್ಲಿಗೆ ತಲುಪುವಷ್ಟರಲ್ಲಿ ಹೆಂಡತಿ ಕಣದ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಇನ್ನೂ ಎದ್ದಿಲ್ಲ.